ಜಾತ್ರೆ ಸ್ಟೇಜಿನ ಮೇಲೆ ಲ್ಯಾಪ್‌ಟಾಪ್: ಮಿಡಿ ಅಂದ್ರೇನು, ಬ್ಯಾಂಡಿನಲ್ಲಿ ಅದರ ಕೆಲಸವೇನು?

ನೀರಮಾನ್ವಿ ಯಲ್ಲಮ್ಮನ ಜಾತ್ರೆ ಇರಲಿ, ಮಾನ್ವಿ-ದೇವದುರ್ಗ ಕಡೆಯ ಯಾವುದೋ ಊರಿನ ಉರುಸು ಅಥವಾ ಗಣೇಶ ಹಬ್ಬ ಇರಲಿ, ರಾತ್ರಿ ರಸಮಂಜರಿ ಅಂದ್ರೆ ಜನ ಚಾಪೆ ಹಿಡ್ಕೊಂಡು ಬಂದು ಕೂಡ್ತಾರೆ. ಸ್ಟೇಜಿನ ಮೇಲೆ ಕೀಬೋರ್ಡು (ನಮ್ಮ ಕಡೆ ಯಾವ ಕಂಪನಿದಿದ್ದರೂ ಅದು ‘ಕ್ಯಾಸಿಯೊ’ನೇ), ಪಕ್ಕದಲ್ಲಿ ರಿದಂ ಪ್ಯಾಡು, ಒಬ್ಬರು ಡೋಲಕ್. ಈಗ ಇವುಗಳ ನಡುವೆ ಒಂದು ಲ್ಯಾಪ್‌ಟಾಪ್ ಕೂಡ ಬಂದು ಕುಂತಿದೆ. ಅದನ್ನು ನೋಡಿದ ಕೂಡಲೇ ಹಿಂದಿನ ಸಾಲಿನಿಂದ ಒಂದು ಮಾತು ಬಂದೇ ಬರ್ತದೆ: “ಎಲ್ಲಾ ಅದರಾಗ ತುಂಬ್ಯಾರಪಾ, ಇವ್ರು ಸುಮ್ಮ ಕೈ ಆಡಸ್ತಾರ.”

ಈ ಮಾತು ಕೆಲವು ಸಲ ಪೂರ್ತಿ ನಿಜ, ಕೆಲವು ಸಲ ಪೂರ್ತಿ ಸುಳ್ಳು. ಲ್ಯಾಪ್‌ಟಾಪ್ ಹಾಡನ್ನು ತಾನೇ ಓಡಿಸ್ತಿದೆಯೋ, ಇಲ್ಲಾ ಯಾರದೋ ಕೈ ಹೇಳಿದಂತೆ ಕೇಳ್ತಿದೆಯೋ ಅನ್ನೋದು ಹೊರಗಿನಿಂದ ನೋಡಿದರೆ ಗೊತ್ತಾಗೋದಿಲ್ಲ. ಎಂಜಿನಿಯರಿಂಗ್ ಓದುವ ನಮಗೆ ಆ ವ್ಯತ್ಯಾಸ ಗೊತ್ತಿರಬೇಕು. ಕಾಲೇಜು ಫೆಸ್ಟಿಗೆ ಬ್ಯಾಂಡ್ ಕಟ್ಟೋರಿಗಂತೂ ಇದು ಬರೀ ತಿಳುವಳಿಕೆಯ ವಿಷಯ ಅಲ್ಲ. ಸ್ಟೇಜಿನ ಮೇಲೆ ಮರ್ಯಾದೆ ಉಳಿಯುವ ವಿಷಯ.

ಮಿಡಿ ಅಂದ್ರೆ ಶಬ್ದ ಅಲ್ಲ

ಕನ್ನಡದಲ್ಲಿ ‘ಮಿಡಿ’ ಅಂದ್ರೆ ತಂತಿಯನ್ನು ಬೆರಳಿಂದ ಮೀಟು ಅಂತಲೂ ಆಗ್ತದೆ. ನಾವು ಮಾತಾಡ್ತಿರುವ ಮಿಡಿಗೆ ಆ ಅರ್ಥ ಆಕಸ್ಮಿಕವಾಗಿ ಚೆನ್ನಾಗಿ ಹೊಂದ್ತದೆ. ಯಾಕಂದ್ರೆ ಮಿಡಿ ಕೇಬಲ್ಲಿನಲ್ಲಿ ಹರಿಯೋದು ಶಬ್ದ ಅಲ್ಲ, ‘ಈಗ ಮೀಟು’, ‘ಈಗ ಬಿಡು’ ಅನ್ನುವ ಆಜ್ಞೆ ಮಾತ್ರ.

ಒಂದು ಕೀ ಒತ್ತಿದಾಗ ಕಂಟ್ರೋಲರ್ ಮೂರು ಬೈಟ್ ಕಳಿಸ್ತದೆ. ಉದಾಹರಣೆಗೆ 144, 60, 100. ಮೊದಲನೆಯದು ‘ಒಂದನೇ ಚಾನೆಲ್ಲಿನಲ್ಲಿ ಸ್ವರ ಶುರು ಮಾಡು’ ಅಂತ. ಎರಡನೆಯದು ಯಾವ ಸ್ವರ ಅಂತ; 60 ಅಂದ್ರೆ ಕೀಬೋರ್ಡಿನ ನಡುವಿನ ಬಿಳಿ ಒಂದು. ಮೂರನೆಯದು ಎಷ್ಟು ಜೋರಾಗಿ ಒತ್ತಿದಿರಿ ಅನ್ನೋದು, 1ರಿಂದ 127ರ ತನಕ. ಬೆರಳು ತೆಗೆದಾಗ ‘ನಿಲ್ಲಿಸು’ ಅಂತ ಇನ್ನೊಂದು ಸಂದೇಶ. ಮೂಲ ಮಿಡಿಯಲ್ಲಿ ಒಟ್ಟು 16 ಚಾನೆಲ್, 0ರಿಂದ 127ರ ತನಕ 128 ಸ್ವರ. ಇಷ್ಟೇ ಅದರ ಬಂಡವಾಳ.

ಮಿಡಿ ಕಂಟ್ರೋಲರಿಗೆ ಸ್ವಂತ ಬಾಯಿಲ್ಲ. ಅದನ್ನು ನೇರವಾಗಿ ಸ್ಪೀಕರಿಗೆ ಜೋಡಿಸಿದರೆ ಏನೂ ಕೇಳಿಸೋದಿಲ್ಲ. ಸಂದೇಶ ಲ್ಯಾಪ್‌ಟಾಪಿಗೆ ಹೋಗ್ತದೆ, ಅಲ್ಲಿರುವ ತಂತ್ರಾಂಶ ಆ ಸಂಖ್ಯೆಗೆ ಹಾರ್ಮೋನಿಯಂ ದನಿ ಕೊಡಬೇಕೋ ಶಹನಾಯಿ ದನಿ ಕೊಡಬೇಕೋ ಅಂತ ನಿರ್ಧರಿಸ್ತದೆ. ಅದೇ ಕೀ, ಅದೇ 60. ದನಿ ಮಾತ್ರ ನೀವು ಆರಿಸಿದ್ದು.

ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಸ್ವರ ಅಂದ್ರೆ ಬರೀ ಸಂಖ್ಯೆ ಆದಮೇಲೆ ಶ್ರುತಿ ಬದಲಾಯಿಸೋದು ಅಂದ್ರೆ ಬರೀ ಕೂಡೋ ಲೆಕ್ಕ. ಷಡ್ಜ 60ರಲ್ಲಿದ್ದರೆ ಭೂಪ್ ರಾಗದ ಆರೋಹ 60, 62, 64, 67, 69, 72. ಹಾಡುವವರು ಬಂದು “ನನಗ ಕಾಳಿ ಒಂದರಾಗ ಬೇಕು” ಅಂದ್ರೆ ಎಲ್ಲಕ್ಕೂ ಒಂದು ಕೂಡಿಸಿದರೆ ಆಯ್ತು: 61, 63, 65, 68, 70, 73. ಟ್ರಾನ್ಸ್‌ಪೋಸ್ ಬಟನ್ ಒಳಗೆ ಮಾಡುವ ಕೆಲಸ ಇಷ್ಟೇ. ಧ್ವನಿಮುದ್ರಿಸಿದ ಹಾಡನ್ನು ಹೀಗೆ ಏರಿಸಿದರೆ ದನಿಯ ಗುಣ ಕೆಡುವ ಸಾಧ್ಯತೆ ಇರ್ತದೆ. ಸಂಖ್ಯೆಗೆ ಏನೂ ಆಗೋದಿಲ್ಲ.

ಎರಡು ಕಂಪನಿ, ಒಂದು ಕೇಬಲ್

1980ರ ಸುಮಾರಿಗೆ ಒಂದು ಕಂಪನಿಯ ಸಿಂಥಸೈಜರ್ ಮಾತು ಇನ್ನೊಂದಕ್ಕೆ ತಿಳೀತಿರಲಿಲ್ಲ. ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಡೇವ್ ಸ್ಮಿತ್, ಜಪಾನಿನ ರೋಲೆಂಡ್ ಕಂಪನಿಯ ಇಕುತಾರೊ ಕಾಕೆಹಾಶಿ, ಇವರಿಬ್ಬರ ಮುಂದಾಳತ್ವದಲ್ಲಿ ಎಲ್ಲರಿಗೂ ಒಂದೇ ಭಾಷೆ ಮಾಡುವ ಕೆಲಸ ಶುರುವಾಯ್ತು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯಮೇಳವೊಂದರಲ್ಲಿ ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲೆಂಡಿನ ಜುಪಿಟರ್-6 ಎರಡನ್ನೂ ಕೇಬಲ್ ಹಾಕಿ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡೀತು. ಈ ಕೆಲಸಕ್ಕೆ 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಸಿಕ್ತು. ಇದರಲ್ಲಿ ನಮಗೆ ಮುಖ್ಯ ಅನ್ನಿಸಬೇಕಾದ ಮಾತು ಅಂದ್ರೆ, ಆ ಭಾಷೆಯನ್ನು ಅವರು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಅದಕ್ಕೇ 40 ವರ್ಷದ ಹಳೆಯ ಕೀಬೋರ್ಡು ಇವತ್ತಿನ ಲ್ಯಾಪ್‌ಟಾಪಿನ ಜೊತೆ ಮಾತಾಡಬಲ್ಲದು.

ಇಲೆಕ್ಟ್ರಾನಿಕ್ ಸಂಗೀತ ಅಂದ್ರೆ ಪರದೇಶದ್ದು ಅನ್ನುವ ಭಾವನೆ ಇದೆ. 1982ರಲ್ಲಿ, ಅಂದ್ರೆ ಮಿಡಿಗಿಂತಲೂ ಮೊದಲು, ಮುಂಬೈ ಸಿನಿಮಾ ವಾದ್ಯವೃಂದದ ಚರಣ್‌ಜಿತ್ ಸಿಂಗ್ ರೋಲೆಂಡಿನ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಒಂದು ರೆಕಾರ್ಡು ತಂದರು. ಆಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಮರುಮುದ್ರಣ ಆದಾಗ ಜಗತ್ತು ಕಣ್ಣರಳಿಸಿ ನೋಡಿತು. ನಮ್ಮ ರಾಜ್ಯದ್ದೇ ಹೇಳಬೇಕಂದ್ರೆ ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಅವರು ಮಾಡಿದ ಇಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆಗಳು ಸಂಗೀತ ಕಲಿಯುವ ಎಷ್ಟೋ ಮನೆಗಳನ್ನು ಸೇರಿವೆ. ಬೆಂಗಳೂರಿನ ಸಲ್ಕ್ ಸ್ಟೇಷನ್ ಅನ್ನುವ ಇಬ್ಬರ ತಂಡ ಹಿಂದೂಸ್ತಾನಿ ಕಲಿತ ಕಂಠವನ್ನೂ ಲ್ಯಾಪ್‌ಟಾಪಿನ ಸಂಗೀತವನ್ನೂ ಕೂಡಿಸಿ 2012ರಲ್ಲಿ ಆಲ್ಬಮ್ ತಂದಿತು. ದಾರಿ ಹೊಸದೇನಲ್ಲ, ನಾವು ಸ್ವಲ್ಪ ತಡವಾಗಿ ಹೊರಟಿದ್ದೇವೆ ಅಷ್ಟೇ.

ರಿದಂ ಪ್ಯಾಡ್: ನಮ್ಮ ಕಡೆಗೆ ಮೊದಲು ಬಂದ ಕಂಟ್ರೋಲರ್

“ಮಿಡಿ ಕಂಟ್ರೋಲರ್ ನಾನು ನೋಡೇ ಇಲ್ಲ” ಅನ್ನುವ ರಾಯಚೂರು ಹುಡುಗರು ಒಂದು ವಿಚಾರ ನೆನಪಿಡಿ. ರಸಮಂಜರಿಯ ರಿದಂ ಪ್ಯಾಡೇ ಒಂದು ಮಿಡಿ ಕಂಟ್ರೋಲರ್. ರೋಲೆಂಡ್ 1985ರಲ್ಲಿ ತಂದ ಮೊದಲ ಆಕ್ಟಾಪ್ಯಾಡಿನಲ್ಲಿ ಎಂಟು ರಬ್ಬರ್ ಪ್ಯಾಡು ಇದ್ದವು, ದನಿ ಒಂದೂ ಇರಲಿಲ್ಲ. ಬೇರೆ ಯಂತ್ರಕ್ಕೆ ಮಿಡಿ ಸಂದೇಶ ಕಳಿಸೋದೊಂದೇ ಅದರ ಕೆಲಸ. ದನಿಗಳು ಒಳಗೇ ಸೇರಿದ್ದು ಆಮೇಲಿನ ಮಾಡೆಲ್‌ಗಳಲ್ಲಿ. ಆದರೂ ಹಿಂದೆ ತಿರುಗಿಸಿ ನೋಡಿದರೆ ‘ಮಿಡಿ ಔಟ್’ ಅನ್ನುವ ಐದು ತೂತಿನ ಸಾಕೆಟ್ ಕಾಣ್ತದೆ, ಹೊಸವುಗಳಲ್ಲಿ ಯುಎಸ್‌ಬಿ ಕೂಡ ಇರ್ತದೆ. ಅಲ್ಲಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್ ಎಳೆದರೆ ಹೊಸದಾಗಿ ಏನೂ ಕೊಳ್ಳದೆ ನಿಮಗೆ ಎಂಟು ಪ್ಯಾಡಿನ ಕಂಟ್ರೋಲರ್ ಸಿಕ್ಕಂಗಾಯ್ತು. ಮನೆಯಲ್ಲಿರುವ ಹಳೆಯ ಕೀಬೋರ್ಡಿನಲ್ಲೂ ಮಿಡಿ ಅಥವಾ ಯುಎಸ್‌ಬಿ ಸಾಕೆಟ್ ಇದೆಯಾ ನೋಡಿ. ಇದ್ದರೆ ಅದೂ ಕಂಟ್ರೋಲರೇ.

ತಂತ್ರಾಂಶದ ಬಗ್ಗೆ ಒಂದು ಮಾತು. ಏಬಲ್ಟನ್ ಲೈವ್ ಅನ್ನೋದು 2001ರಲ್ಲಿ ಬಂತು, ಸ್ಟೇಜಿಗೆ ಅಂತಲೇ ಮಾಡಿದ್ದು; ಅದರ ಚಿಕ್ಕ ಆವೃತ್ತಿ ಎಷ್ಟೋ ಕಂಟ್ರೋಲರ್‌ಗಳ ಜೊತೆಗೆ ಉಚಿತವಾಗಿ ಬರ್ತದೆ. ಎಲ್‌ಎಂಎಂಎಸ್‌ನಂತಹ ಸ್ವತಂತ್ರ ತಂತ್ರಾಂಶವೂ ಇದೆ. ಕದ್ದ ತಂತ್ರಾಂಶ ಹಾಕ್ಕೊಂಡು ಸ್ಟೇಜ್ ಹತ್ತಬೇಡಿ. ನೀತಿಯ ಮಾತು ಪಕ್ಕಕ್ಕಿಡಿ. ಕ್ರ್ಯಾಕ್ ಮಾಡಿದ್ದು ಎಲ್ಲಿ, ಯಾವಾಗ ನಿಲ್ತದೆ ಅಂತ ಹೇಳೋಕಾಗೋದಿಲ್ಲ, ನಿಂತರೆ ಕೇಳೋರೂ ಇರೋದಿಲ್ಲ.

ಕೊಡದ ಲೆಕ್ಕ: ಲೇಟೆನ್ಸಿ

ಪ್ಯಾಡ್ ಹೊಡೆದಿರಿ, ದನಿ ಒಂದು ಕ್ಷಣ ತಡವಾಗಿ ಬಂತು. ಹೊಸಬರು ಬ್ಯಾಂಡಿನಲ್ಲಿ ಲ್ಯಾಪ್‌ಟಾಪ್ ಬಿಟ್ಟುಬಿಡೋದು ಬಹುಪಾಲು ಇದೇ ಕಾರಣಕ್ಕೆ. ತಪ್ಪು ಮಿಡಿಯದ್ದು ಅಂತ ಬೈತಾರೆ. ಲೆಕ್ಕ ಹಾಕಿ ನೋಡೋಣ. ಮಿಡಿ ಕೇಬಲ್ಲಿನ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟಿಗೆ ಶುರು-ಕೊನೆಯ ಬಿಟ್ ಸೇರಿ 10 ಬಿಟ್; ಮೂರು ಬೈಟಿಗೆ 30. ಅಂದ್ರೆ ಒಂದು ಸ್ವರಕ್ಕೆ 0.96 ಮಿಲಿಸೆಕೆಂಡ್. ತಡ ಅಲ್ಲಿಲ್ಲ.

ತಡ ಇರೋದು ಬಫರಿನಲ್ಲಿ. ಬಫರ್ ಅಂದ್ರೆ ಕೊಡ ಅಂದುಕೊಳ್ಳಿ. ಲ್ಯಾಪ್‌ಟಾಪ್ ಶಬ್ದದ ಮಾದರಿಗಳನ್ನು ಒಂದೊಂದಾಗಿ ಕೊಡೋದಿಲ್ಲ. ಕೊಡ ತುಂಬಿದ ಮೇಲೆ ಸೌಂಡ್ ಕಾರ್ಡಿಗೆ ಸುರೀತದೆ. ಕೊಡ ದೊಡ್ಡದಾದಷ್ಟೂ ಕಾಯೋದು ಜಾಸ್ತಿ. ಸೆಕೆಂಡಿಗೆ 44,100 ಮಾದರಿಯ ಲೆಕ್ಕದಲ್ಲಿ 1024ರ ಬಫರಿಗೆ 23.2 ಮಿಲಿಸೆಕೆಂಡ್, 512ಕ್ಕೆ 11.6, 256ಕ್ಕೆ 5.8, 128ಕ್ಕೆ 2.9. ಹಂಗಾದರೆ ಎಲ್ಲಕ್ಕಿಂತ ಚಿಕ್ಕದೇ ಇಟ್ಟರಾಯ್ತಲ್ಲ? ಆಗೋದಿಲ್ಲ. ಕೊಡ ಚಿಕ್ಕದಾದರೆ ಪ್ರೊಸೆಸರ್ ಅಷ್ಟು ಸಲ ಓಡಾಡಬೇಕು. ಒಮ್ಮೆ ತಡವಾದರೂ ಸೌಂಡ್ ಕಾರ್ಡಿಗೆ ಖಾಲಿ ಕೊಡ ಸಿಗ್ತದೆ, ಸ್ಪೀಕರಿನಲ್ಲಿ ‘ಚಟ್ ಚಟ್’ ಅಂತದೆ.

ಎಷ್ಟು ತಡ ಸಹಿಸಬಹುದು? ಗಾಳಿಯಲ್ಲಿ ಶಬ್ದದ ವೇಗ ಸುಮಾರು 343 ಮೀಟರ್, ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಅಂದ್ರೆ 10 ಮಿಲಿಸೆಕೆಂಡ್ ತಡ ಅನ್ನೋದು ಸ್ಪೀಕರಿನಿಂದ ಇನ್ನೂ ಮೂರೂವರೆ ಮೀಟರ್ ದೂರ ನಿಂತಂಗೆ. ಉದ್ದ ಎಳೆಯುವ ದನಿಗೆ ಇದು ಗೊತ್ತೇ ಆಗೋದಿಲ್ಲ, ತಾಳವಾದ್ಯಕ್ಕೆ ಕೈಗೆ ಗೊತ್ತಾಗ್ತದೆ. ತಾಳಕ್ಕೆ 128 ಅಥವಾ 256ರಲ್ಲಿ ಇಟ್ಟುಕೊಳ್ಳಿ. ವಿಂಡೋಸ್ ಇದ್ದರೆ ‘ಆಸಿಯೊ’ ಡ್ರೈವರ್ ಬೇಕೇ ಬೇಕು. ಅದಿಲ್ಲದೆ ಬಫರ್ ಎಷ್ಟು ಇಳಿಸಿದರೂ ಪ್ರಯೋಜನ ಕಮ್ಮಿ. ಬ್ಲೂಟೂತ್ ಸ್ಪೀಕರಿನಲ್ಲಿ ಪ್ರಾಕ್ಟೀಸ್ ಮಾಡುವ ಯೋಚನೆಯನ್ನೇ ಬಿಡಿ. ಅಲ್ಲಿಯ ತಡ ಈ ಯಾವ ಲೆಕ್ಕಕ್ಕೂ ಸಿಗೋದಿಲ್ಲ.

ಮೀಂಡ್ ಎಲ್ಲಿ ಹೋಯ್ತು?

ಮಾನ್ವಿ ಅಂದ್ರೆ ಜಗನ್ನಾಥದಾಸರ ಊರು. ದಾಸರ ಪದ, ತತ್ವಪದ, ಭಜನೆ ಕೇಳಿ ಬೆಳೆದ ಕಿವಿಗೆ ಕೀಬೋರ್ಡಿನ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಕೇಳಿಸ್ತದೆ. ಕಂಠ ಜಾರುವ ಕಡೆ ಕೀಬೋರ್ಡು ಜಿಗೀತದೆ. ಇದು ಹೊಸ ದೂರೂ ಅಲ್ಲ. ಹಾರ್ಮೋನಿಯಂ ನಮ್ಮ ಸ್ವರಕ್ಕೆ ಒಗ್ಗೋದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ದೂರ ಇಟ್ಟಿತ್ತು. ನಿಷೇಧ ಸಡಿಲ ಆಗೋಕೆ 1971 ಬರಬೇಕಾಯ್ತು. ಅಷ್ಟರಲ್ಲಿ ಊರೂರಿನ ಭಜನಾ ಮಂಡಳಿಗಳು ಹಾರ್ಮೋನಿಯಂ ಪೆಟ್ಟಿಗೆಯನ್ನು ತಮ್ಮದೇ ಮಾಡಿಕೊಂಡಿದ್ದವು.

ಆದರೂ ದೂರಿನಲ್ಲಿ ಹುರುಳಿದೆ. ಕೀಬೋರ್ಡು ಸಪ್ತಕವನ್ನು 12 ಸಮ ಪಾಲು ಮಾಡ್ತದೆ, ಪ್ರತಿ ಪಾಲಿಗೆ 100 ಸೆಂಟ್ಸ್. ಅದರ ಗಾಂಧಾರ 400 ಸೆಂಟ್ಸಿನಲ್ಲಿ ಕೂಡ್ತದೆ. ತಂಬೂರಿಯ ಜೊತೆ ಕೂಡಿ ಹಾಡುವವರ ಗಾಂಧಾರ 5:4ರ ಪ್ರಮಾಣದಲ್ಲಿ, ಸುಮಾರು 386ರಲ್ಲಿ ಇರ್ತದೆ. 14 ಸೆಂಟ್ಸ್ ವ್ಯತ್ಯಾಸ ಕಿವಿಗೆ ಸಣ್ಣದಲ್ಲ.

ಮಿಡಿಯಲ್ಲಿ ಇದಕ್ಕೆ ದಾರಿ ಇದೆ. ಕಂಟ್ರೋಲರಿನ ಎಡಗಡೆ ಇರುವ ಪಿಚ್ ಬೆಂಡ್ ಚಕ್ರ 128 ಮೆಟ್ಟಿಲಿನದ್ದಲ್ಲ, 16,384 ಮೆಟ್ಟಿಲಿನದ್ದು. ಸಾಮಾನ್ಯವಾಗಿ ಅದು ಮೇಲೆ ಕೆಳಗೆ ಎರಡೆರಡು ಮನೆ ಮಾತ್ರ ಹೋಗ್ತದೆ. ಷಡ್ಜದಿಂದ ಪಂಚಮಕ್ಕೆ ಜಾರಬೇಕಂದ್ರೆ ಏಳು ಮನೆ ಬೇಕು. ತಂತ್ರಾಂಶದಲ್ಲಿ ಆ ಮಿತಿಯನ್ನು 12ಕ್ಕೆ ಏರಿಸಿಕೊಳ್ಳಿ. ಒಂದು ತೊಡಕು ಉಳೀತದೆ: ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯ ಆಗ್ತದೆ. ಎಡಗೈಯಲ್ಲಿ ಷಡ್ಜ-ಪಂಚಮ ಹಿಡಿದು ಬಲಗೈಯಲ್ಲಿ ಮೀಂಡ್ ತೆಗೆದರೆ ಶ್ರುತಿಯೂ ಜೊತೆಗೆ ಜಾರಿ ಹೋಗ್ತದೆ. ಅದಕ್ಕೆ ಶ್ರುತಿಯನ್ನು ಬೇರೆ ಚಾನೆಲ್ಲಿನಲ್ಲಿಡಿ. ಒಂದೊಂದು ಬೆರಳಿಗೂ ಒಂದೊಂದು ಚಾನೆಲ್ ಕೊಡುವ ಎಂಪಿಇ ಅನ್ನುವ ವಿಧಾನಕ್ಕೆ 2018ರಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿದೆ. 2020ರಲ್ಲಿ ಬಂದ ಮಿಡಿ 2.0 ಮೆಟ್ಟಿಲುಗಳನ್ನು ಇನ್ನೂ ನಯ ಮಾಡಿದೆ. ಅಲ್ಲಿಯ ತನಕ ನಮ್ಮ ಹತ್ತಿರ ಇರುವ ಒಂದು ಚಕ್ರ, ಎರಡು ಚಾನೆಲ್ ಸಾಕು.

ಲೂಪಿಗೆ ತಾಳ ಗೊತ್ತಿಲ್ಲ

ಲ್ಯಾಪ್‌ಟಾಪನ್ನು ಬ್ಯಾಂಡಿನಲ್ಲಿ ಬಳಸೋಕೆ ಮೂರು ರೀತಿ ಇವೆ. ಒಂದು, ನೀವು ಹೊಡೆದಾಗ ಮಾತ್ರ ದನಿ ಬರೋದು. ಇಲ್ಲಿ ಲಯ ಪೂರ್ತಿ ನಿಮ್ಮ ಕೈಯಲ್ಲಿ. ಎರಡು, ಚಿಕ್ಕ ಚಿಕ್ಕ ಲೂಪುಗಳನ್ನು ಬೇಕಾದಾಗ ಹಚ್ಚೋದು, ಆರಿಸೋದು. ಮೂರು, ಇಡೀ ಹಾಡಿನ ಟ್ರ್ಯಾಕ್ ಓಡಿಸಿ ಕಿವಿಯಲ್ಲಿ ಕ್ಲಿಕ್ ಕೇಳ್ತಾ ಅದರ ಹಿಂದೆ ಎಲ್ಲರೂ ನುಡಿಸೋದು.

ಎರಡನೆಯದರಲ್ಲಿ ಜನ ಎಡವೋ ಜಾಗ ಒಂದಿದೆ. ತಂತ್ರಾಂಶ ನೀವು ಯಾವಾಗ ಒತ್ತಿದರೂ ಮುಂದಿನ ಬಾರ್ ಬರೋ ತನಕ ಕಾದು ಲೂಪ್ ಶುರು ಮಾಡ್ತದೆ. ಬಾರ್ ಅಂದ್ರೆ ನಾಲ್ಕು ಎಣಿಕೆ ಅಂತ ಅದು ಮೊದಲೇ ನಂಬಿರ್ತದೆ. ಎಂಟು ಮಾತ್ರೆಯ ಕೆಹರ್ವಾ ಇದ್ದರೆ ಹೆಂಗೋ ನಡೀತದೆ. ಆರರ ದಾದ್ರಾ, ಏಳರ ರೂಪಕ್ ಬಂದ ಕೂಡಲೇ ಲೂಪ್ ಆವರ್ತನದ ನಡುವೆ ಎಲ್ಲೋ ನುಗ್ತದೆ, ಸಮ್ ತಪ್ತದೆ, ತಬಲಾದವರು ನಿಮ್ಮ ಮುಖ ನೋಡ್ತಾರೆ. ಹಾಡಿಗೆ ತಕ್ಕಂತೆ ಮೊದಲೇ 6/8, 7/8 ಅಂತ ಹೊಂದಿಸಿ ಸೇವ್ ಮಾಡಿಟ್ಟರೆ ಈ ಗೋಳಿಲ್ಲ.

ಮೂರನೆಯದರ ಕಷ್ಟ ಇನ್ನೂ ಆಳದ್ದು. ಅಲಾಯಿ ಕುಣಿತದ ಹಲಗಿ ಕೇಳಿದ್ದೀರಲ್ಲ? ಶುರುವಿನಲ್ಲಿದ್ದ ನಡೆ ಕೊನೆಗೆ ಇರೋದಿಲ್ಲ. ಕುಣಿಯುವವರ ಹೆಜ್ಜೆ ನೋಡಿ ಕೈ ಏರ್ತದೆ, ಕೈ ಕೇಳಿ ಹೆಜ್ಜೆ ಏರ್ತದೆ. ಕ್ಲಿಕ್ಕಿಗೆ ಕಣ್ಣಿಲ್ಲ. ಅದು 120 ಅಂದ್ರೆ ಪ್ರತಿ 500 ಮಿಲಿಸೆಕೆಂಡಿಗೆ ಒಂದು ಏಟು, ಜನ ಎದ್ದು ಕುಣಿದರೂ ಅಷ್ಟೇ, ಎದ್ದು ಹೋದರೂ ಅಷ್ಟೇ. ಬೇಕಿದ್ದರೆ ಇದನ್ನು ತಿರುಗಿಸಬಹುದು: ಟ್ಯಾಪ್ ಟೆಂಪೊ ಅನ್ನುವ ಬಟನ್ನನ್ನು ಒಂದು ಪ್ಯಾಡಿಗೆ ಜೋಡಿಸಿ, ಡೋಲಕ್ಕಿನ ಜೊತೆ ನಾಲ್ಕು ಏಟು ಹಾಕಿದರೆ ಲ್ಯಾಪ್‌ಟಾಪಿನ ನಡೆ ಬದಲಾಗ್ತದೆ. ಜೋಡಿಸಿದ ಬೇರೆ ಯಂತ್ರಗಳಿಗೂ ಅದು ಪ್ರತಿ ಎಣಿಕೆಗೆ 24 ಗಡಿಯಾರ ಸಂದೇಶ ಕಳಿಸ್ತಾ ಹೊಸ ನಡೆ ತಿಳಿಸ್ತದೆ. ಯಂತ್ರ ಮನುಷ್ಯನ ಹಿಂದೆ ಬರಬೇಕು. ಉಲ್ಟಾ ಆದ ದಿನ ಡೋಲಕ್ಕಿನವರು ಬರೀ ಗಡಿಯಾರಕ್ಕೆ ಕಾವಲುಗಾರ.

ಹಲಗಿಯನ್ನು ಪ್ಯಾಡಿಗೆ ತರೋದು

ತಂತ್ರಾಂಶದ ಜೊತೆ ಬರುವ ದನಿಗಳಲ್ಲಿ ಡ್ರಮ್ ಸೆಟ್ಟು ನೂರಿರ್ತದೆ, ತಬಲಾ ಒಂದೆರಡು ಇರ್ತದೆ, ನಮ್ಮ ಹಲಗಿ ಇರೋದಿಲ್ಲ. ಹಾಗಾಗಿ ನಾವೇ ಧ್ವನಿಮುದ್ರಣ ಮಾಡ್ಕೋಬೇಕು. ಒಂದೇ ಏಟು ಮುದ್ರಿಸಿ ಅದರ ವಾಲ್ಯೂಮ್ ಏರಿಸಿ ಇಳಿಸಿದರೆ ಸತ್ತ ದನಿ ಬರ್ತದೆ. ಯಾಕಂದ್ರೆ ಮೆಲ್ಲಗೆ ಹೊಡೆದಾಗಿನ ದನಿ ಬರೀ ಸಣ್ಣದಲ್ಲ, ಬೇರೆಯದೇ. ಮೆಲ್ಲಗೆ, ನಡುವೆ, ಜೋರು, ಭಾರೀ ಜೋರು ಅಂತ ನಾಲ್ಕಾರು ಹದದಲ್ಲಿ, ಒಂದೊಂದನ್ನೂ ಮೂರು ನಾಲ್ಕು ಸಲ ಮುದ್ರಿಸಿ. ನಡುವಿನ ಏಟು ಬೇರೆ, ಅಂಚಿನ ಏಟು ಬೇರೆ. ಇನ್ನೊಂದು ವಿಷಯ: ಹಲಗಿಯನ್ನು ಬೆಂಕಿಗೆ ಕಾಸಿದಾಗ ಚರ್ಮ ಬಿಗಿಯಾಗಿ ದನಿ ಏರ್ತದೆ, ಬಾರಿಸ್ತಾ ಬಾರಿಸ್ತಾ ಇಳೀತದೆ, ಮತ್ತೆ ಕಾಸ್ತಾರೆ. ಎಲ್ಲಾ ಏಟುಗಳನ್ನೂ ಕಾಸಿದ ಕೂಡಲೇ, ಒಂದೇ ಸಲಕ್ಕೆ ಮುದ್ರಿಸಿಕೊಳ್ಳಿ. ಇಲ್ಲಂದ್ರೆ ಒಂದೊಂದು ಏಟು ಒಂದೊಂದು ಶ್ರುತಿಯಲ್ಲಿ ಕೇಳಿಸ್ತದೆ.

ಬಾರಿಸಿದವರಿಗೆ ದುಡ್ಡು ಕೊಡಿ, ಮುದ್ರಣವನ್ನು ಎಲ್ಲಿ ಬಳಸ್ತೀರಿ ಅಂತ ಮೊದಲೇ ಹೇಳಿ, ಕಾರ್ಯಕ್ರಮದಲ್ಲಿ ಅವರ ಹೆಸರು ಹೇಳಿ. ಊರ ಕೆಲಸ ಅಂತ ತಲೆಮಾರುಗಟ್ಟಲೆ ಬಿಟ್ಟಿಯಾಗಿ ಬಾರಿಸಿಕೊಂಡ ವಾದ್ಯ ಅದು. ಲ್ಯಾಪ್‌ಟಾಪಿನ ಹೆಸರಿನಲ್ಲಿ ಅದೇ ಬಿಟ್ಟಿ ಚಾಕರಿ ಮುಂದುವರಿಯಬಾರದು.

ಪ್ಯಾಡ್ ಕೊಳ್ಳೋಕೆ ದುಡ್ಡಿಲ್ಲ ಅಂದ್ರೆ ಮಾಡ್ಕೊಳ್ಳಬಹುದು, ಮಿನಿ ಪ್ರಾಜೆಕ್ಟಿಗೂ ಆಗ್ತದೆ. ಬಜರಿನಲ್ಲಿರುವ ಪಿಯೆಜೊ ತಟ್ಟೆಯನ್ನು ರಬ್ಬರ್ ಹಾಳೆಯ ಕೆಳಗೆ ಅಂಟಿಸಿ. ಏಟು ಬಿದ್ದಾಗ ಅದು ವೋಲ್ಟೇಜ್ ಕೊಡ್ತದೆ. ಅಡ್ಡಕ್ಕೆ 1 ಮೆಗಾಓಮ್ ರೆಸಿಸ್ಟರ್, ಬೋರ್ಡ್ ಸುಡದಂಗೆ 5.1 ವೋಲ್ಟಿನ ಜೀನರ್ ಡಯೋಡ್ ಹಾಕಿ. ಬೋರ್ಡು ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಆಗಿರಲಿ. ಅವುಗಳ ಚಿಪ್ಪಿನಲ್ಲೇ ಯುಎಸ್‌ಬಿ ಇರೋದರಿಂದ ಲ್ಯಾಪ್‌ಟಾಪ್ ಅವುಗಳನ್ನು ನೇರವಾಗಿ ಮಿಡಿ ವಾದ್ಯ ಅಂತ ಗುರುತಿಸ್ತದೆ. ಊನೊ ಬೋರ್ಡಿನಲ್ಲಿ ಅದು ಸುಲಭ ಇಲ್ಲ. ಪ್ರೋಗ್ರಾಮಿನಲ್ಲಿ ಮೂರು ಹೆಜ್ಜೆ ಬೇಕು: ವೋಲ್ಟೇಜ್ ಒಂದು ಮಿತಿ ದಾಟಿತಾ ನೋಡೋದು, ದಾಟಿದ ಮೇಲೆ ಸುಮಾರು ಎರಡು ಮಿಲಿಸೆಕೆಂಡ್ ಗಮನಿಸಿ ಅತಿ ಹೆಚ್ಚಿನ ಬೆಲೆಯನ್ನು 1ರಿಂದ 127ಕ್ಕೆ ಇಳಿಸಿ ಕಳಿಸೋದು, ಆಮೇಲೆ 30 ಮಿಲಿಸೆಕೆಂಡ್ ಆ ಪ್ಯಾಡಿನ ಕಡೆ ಕಿವುಡಾಗಿರೋದು. ಮೂರನೆಯದು ಬಿಟ್ಟರೆ ರಬ್ಬರಿನ ನಡುಕಕ್ಕೆ ಒಂದು ಏಟು ಮೂರಾಗಿ ಕೇಳಿಸ್ತದೆ.

ಬಿಸಿಲು, ಧೂಳು, ಕರೆಂಟು

ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದ ಒಳಗೆ ನುಡಿಸೋದು ಬೇರೆ, ಊರ ಬಯಲಿನಲ್ಲಿ ಶಾಮಿಯಾನದ ಕೆಳಗೆ ನುಡಿಸೋದು ಬೇರೆ. ನಮ್ಮ ಬೇಸಿಗೆ 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಪ್ರೊಸೆಸರ್ ಮಿತಿಮೀರಿ ಕಾದರೆ ತನ್ನನ್ನು ಉಳಿಸಿಕೊಳ್ಳೋಕೆ ವೇಗ ಇಳಿಸಿಕೊಳ್ತದೆ. ರೂಮಿನಲ್ಲಿ 128ರ ಬಫರಿನಲ್ಲಿ ಚೆನ್ನಾಗಿ ನಡೆದದ್ದು ಸಂಜೆ ಐದರ ಸೌಂಡ್ ಚೆಕ್ಕಿನಲ್ಲಿ ಚಟಪಟ ಅನ್ನೋದು ಇದಕ್ಕೇ. ಲ್ಯಾಪ್‌ಟಾಪನ್ನು ಬಟ್ಟೆ ಹಾಸಿದ ಟೇಬಲ್ಲಿನ ಮೇಲೆ ಇಡಬೇಡಿ, ಕೆಳಗೆ ಗಾಳಿ ಆಡುವಂಗೆ ಎತ್ತರಿಸಿ. ಭಾರದ ಸಿಂಥ್ ದನಿಗಳನ್ನು ಮೊದಲೇ ಆಡಿಯೊ ಮಾಡಿಟ್ಟುಕೊಂಡರೆ ಪ್ರೊಸೆಸರಿಗೆ ಅರ್ಧ ಕೆಲಸ ಕಮ್ಮಿ. ವೈಫೈ, ಬ್ಲೂಟೂತ್, ಅಪ್‌ಡೇಟ್, ಸ್ಕ್ರೀನ್ ಸೇವರ್ ಎಲ್ಲಾ ಬಂದ್. ಧೂಳಿಗೆ ಒಂದು ಮೆತ್ತನೆ ಬ್ರಶ್ಶು ಜೇಬಿನಲ್ಲಿರಲಿ.

ಗುಂಯ್ ಅನ್ನುವ ಶಬ್ದ ಬರ್ತದಾ? ಚಾರ್ಜರ್ ತೆಗೆದು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್: ಚಾರ್ಜರಿನ ಮೂಲಕ ಒಂದು, ಮಿಕ್ಸರಿನ ಮೂಲಕ ಇನ್ನೊಂದು ಅಂತ ಭೂಮಿಗೆ ಎರಡು ದಾರಿ ಆಗಿವೆ. ಹಳೆಯ ಐದು ಪಿನ್ನಿನ ಮಿಡಿಯಲ್ಲಿ ಈ ತೊಂದರೆ ಬರದಂಗೆ ಆಪ್ಟೊ-ಐಸೊಲೇಟರ್ ಇಟ್ಟಿದ್ದರು. ಸಂದೇಶ ಬೆಳಕಿನ ಮೂಲಕ ದಾಟ್ತದೆ, ಎರಡು ಯಂತ್ರಗಳ ನಡುವೆ ತಂತಿಯ ಸಂಬಂಧವೇ ಇರೋದಿಲ್ಲ. ಯುಎಸ್‌ಬಿಯಲ್ಲಿ ಆ ರಕ್ಷಣೆ ಇಲ್ಲ. ಹೆಡ್‌ಫೋನ್ ತೂತಿನಿಂದ ನೇರ ಮಿಕ್ಸರಿಗೆ ಕೊಡಬೇಡಿ. ಚಿಕ್ಕ ಆಡಿಯೊ ಇಂಟರ್‌ಫೇಸ್, ಬ್ಯಾಲೆನ್ಸ್ಡ್ ಕೇಬಲ್, ಆಗದಿದ್ದರೆ ಒಂದು ಡಿಐ ಬಾಕ್ಸ್ ಹಾಕಿ. ಏನೇ ಆದರೂ ಚಾರ್ಜರಿನ ಅರ್ತ್ ಪಿನ್ ಮುರಿಯುವ ಕೆಲಸ ಮಾತ್ರ ಮಾಡಬೇಡಿ. ಗುಂಯ್ ನಿಲ್ಲಬಹುದು, ಜನರೇಟರ್ ಲೈನಿನಲ್ಲಿ ಜೀವವೂ ನಿಲ್ಲಬಹುದು.

ಇನ್ನು ಕರೆಂಟು. 1,720 ಮೆಗಾವ್ಯಾಟಿನ ಶಕ್ತಿನಗರದ ವಿದ್ಯುತ್ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದೆ, ಆದರೂ ಜಾತ್ರೆ ಸ್ಟೇಜಿಗೆ ಜನರೇಟರ್ ಇಟ್ಕೊಂಡೇ ಇರ್ತೇವೆ. ಲೈನ್ ಹೋಗಿ ಜನರೇಟರ್ ಬರುವ ನಡುವಿನ ಹೊತ್ತಿನಲ್ಲಿ ಆಂಪ್ಲಿಫೈಯರ್, ಮಿಕ್ಸರ್ ಎಲ್ಲಾ ಆರ್ತವೆ. ಬ್ಯಾಟರಿ ಇರುವ ಲ್ಯಾಪ್‌ಟಾಪ್ ಮಾತ್ರ ಆರೋದಿಲ್ಲ. ಅದು ಮೌನವಾಗಿ ಹಾಡು ಓಡಿಸ್ತಾನೇ ಇರ್ತದೆ. ಸೌಂಡ್ ವಾಪಸ್ ಬಂದಾಗ ನೀವು ಪಲ್ಲವಿಯಲ್ಲಿ, ಅದು ಎರಡನೇ ಚರಣದಲ್ಲಿ! ಹಾಗಾಗಿ ಕಂಟ್ರೋಲರಿನ ಒಂದು ಬಟನ್ ‘ಎಲ್ಲಾ ನಿಲ್ಲಿಸು’ ಅಂತಲೇ ಮೀಸಲಿರಲಿ, ಕರೆಂಟ್ ಹೋದ ಕೂಡಲೇ ಯಾರು ಅದನ್ನು ಒತ್ತಬೇಕು ಅಂತ ಮೊದಲೇ ಮಾತಾಗಿರಲಿ. ಆ ಹೊತ್ತಿನಲ್ಲಿ ಡೋಲಕ್ಕಿನವರು ನಿಲ್ಲಿಸದೆ ಬಾರಿಸ್ತಾ ಇದ್ದರೆ ಜನ ಏಳೋದಿಲ್ಲ.

ಯಾರ ಕೆಲಸ ಯಾರಿಗೆ?

ಇಲ್ಲಿಗೆ ಮೊದಲಿನ ಮಾತಿಗೆ ಉತ್ತರ ಹೇಳಬಹುದು. ರಿದಂ ಪ್ಯಾಡ್ ಬಂದಾಗ ಕಾಂಗೊ, ತುಂಬಾ, ಖಂಜಿರ ಬಾರಿಸುವವರ ಕೆಲಸ ಒಬ್ಬರ ಕೈಗೆ ಬಂತು. ಟ್ರ್ಯಾಕ್ ಹಾಕಿ ಹಾಡೋದು ಬಂದಾಗ ಆ ಒಬ್ಬರ ಕೆಲಸಕ್ಕೂ ಕುತ್ತು ಬಂತು. ಕಾರ್ಯಕ್ರಮ ಹಿಡಿಯುವವರಿಗೆ ಇದು ಅಗ್ಗ. ಡೋಲಕ್ಕನ್ನೇ ನಂಬಿ ಮನೆ ನಡೆಸುವವರಿಗೆ ಇದು ಊಟದ ಪ್ರಶ್ನೆ. ಲ್ಯಾಪ್‌ಟಾಪ್ ತಂದವರು ಈ ಪ್ರಶ್ನೆ ನಮಗೆ ಸಂಬಂಧಿಸಿದ್ದಲ್ಲ ಅಂತ ಜಾರಿಕೊಳ್ಳೋಕಾಗೋದಿಲ್ಲ.

ಆದರೆ ಮೇಲಿನ ಲೆಕ್ಕ ನೋಡಿದಿರಲ್ಲ. ಮಿಡಿಯೇ ಯಾರ ಕೆಲಸವನ್ನೂ ಕಿತ್ತುಕೊಳ್ಳೋದಿಲ್ಲ. ಒಂದು ಕೈ ಒತ್ತದಿದ್ದರೆ ಅದರ ಕೇಬಲ್ಲಿನಲ್ಲಿ ಸ್ವರದ ಒಂದು ಆಜ್ಞೆಯೂ ಹುಟ್ಟೋದಿಲ್ಲ. ಕೆಲಸ ಕಿತ್ತುಕೊಳ್ಳೋದು, ಅವತ್ತು ಒತ್ತಬೇಕಾದದ್ದನ್ನು ಮೊದಲೇ ಒತ್ತಿ ತುಂಬಿಸಿಡುವ ನಮ್ಮ ಸೋಮಾರಿತನ. ಅದಕ್ಕೆ ನಮ್ಮಂಥ ಚಿಕ್ಕ ಬ್ಯಾಂಡಿಗೆ ಒಂದು ನಿಯಮ ಸಾಕು: ತಂಡದಲ್ಲಿ ಯಾರಿಗಾದರೂ ನುಡಿಸೋಕೆ ಬರುವ ವಾದ್ಯವನ್ನು ಲ್ಯಾಪ್‌ಟಾಪಿಗೆ ಕೊಡಬೇಡಿ. ತಂಬೂರಿಯ ಶ್ರುತಿ, ಕೆಳಗಿನ ಬೇಸ್, ಮಳೆಯ ಸದ್ದು, ನಮ್ಮ ಹತ್ತಿರ ಇಲ್ಲದ ವಾದ್ಯ, ಇವು ಅದಕ್ಕಿರಲಿ. ಡೋಲಕ್, ಹಲಗಿ, ಹಾರ್ಮೋನಿಯಂ ಬಲ್ಲ ಗೆಳೆಯರು ಇದ್ದರೆ ಅದು ಅವರದ್ದೇ.

ನೀವು ಎಲ್ಲಿದ್ದೀರಿ ಅಂತ ತಿಳಿಯೋಕೆ ಸುಲಭದ ಪರೀಕ್ಷೆ ಒಂದಿದೆ. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ ಪ್ರಾಕ್ಟೀಸಿನಲ್ಲಿ ಹಾಡಿನ ನಡುವೆ, ಯಾರಿಗೂ ಹೇಳದೆ, ಲ್ಯಾಪ್‌ಟಾಪಿನ ಕೇಬಲ್ ಕಿತ್ತುಬಿಡಿ. ಹಾಡು ಸ್ವಲ್ಪ ಬಡವಾಗಿಯಾದರೂ ಮುಂದೆ ನಡೆದರೆ ನಿಮ್ಮದು ಬ್ಯಾಂಡು, ಧೈರ್ಯವಾಗಿ ಹೋಗಿ. ಹಾಡೇ ನಿಂತುಬಿಟ್ಟರೆ ಇನ್ನೊಂದು ವಾರ ಟೈಮಿದೆ, ಡೋಲಕ್ಕಿನವರನ್ನು ಕರೀರಿ.